ಅಕ್ಕನ ಉಡಕಿಯ ಊಟ

ಅಕ್ಕ ಆ ಮಾತು ಹೇಳಿದಾಗ ಅಡುಗೆಮನೆಯ ಹೊಸ್ತಿಲ ಬಳಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವ್ವ ಒಲೆಯ ಮುಂದಿದ್ದಳು. ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದ. ಸುರಪುರದ ಕಡೆಯಿಂದ ಪ್ರತಿವರ್ಷ ಉಣ್ಣೆ ಕೊಳ್ಳಲು ಬರುತ್ತಿದ್ದ ಒಬ್ಬ ಕಂಬಳಿ ನೇಕಾರ, ಹೆಂಡತಿಯನ್ನು ಕಳೆದುಕೊಂಡವನು, ಅಕ್ಕನನ್ನು ಉಡಕಿ ಮಾಡಿಕೊಡುತ್ತೀರಾ ಎಂದು ಅಪ್ಪನನ್ನು ಕೇಳಿ ಹೋಗಿದ್ದ.

"ನಿನಗ ಮನಸ್ಸೈತೇನು?" ಅವ್ವ ಕೇಳಿದಳು.

ಅಕ್ಕ ಜೋಳದೊಳಗಿನ ಕಲ್ಲು ಆರಿಸುತ್ತಲೇ ಇದ್ದಳು. "ಮನಸ್ಸೈತಿ," ಅಂದಳು. "ಆದ್ರ ಕತ್ತಲದಾಗ ಹೋಗಂಗಿಲ್ಲ. ನಾ ಏನ್ ಕಳವು ಮಾಡೇನೇನು?"

ಉಡಕಿ ಅಂದರೆ ನಮ್ಮ ಕಡೆ ಗಂಡ ಸತ್ತವಳನ್ನು ಇನ್ನೊಬ್ಬನ ಕೈಗೆ ಕೊಡುವ ಶಾಸ್ತ್ರ. ಕುರಿ ಸಾಕುವ ನಮ್ಮ ಮಂದಿಯಲ್ಲಿ ಅದಕ್ಕೆ ಹಿಂದಿನಿಂದಲೂ ಒಪ್ಪಿಗೆ ಇತ್ತು. ಬೆಳಕಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. ಊರು ಮಲಗಿದ ಮೇಲೆ ಅವಳಿಗೆ ಹೊಸ ಸೀರೆ ಉಡಿಸಬೇಕು, ಬಳೆ ಇಡಿಸಬೇಕು, ಬೆಳಗಾಗುವ ಮೊದಲು ಊರು ದಾಟಿಸಿಬಿಡಬೇಕು. ಮುತ್ತೈದೆಯರು ಎದುರಿಗೆ ಬರುವಂತಿಲ್ಲ. ಬಾಜಾ ಇಲ್ಲ, ಹಂದರ ಇಲ್ಲ, ಊಟ ಇಲ್ಲ. ನಮ್ಮ ಓಣಿಯಿಂದಲೇ ಹೀಗೆ ಹೋದ ಹೆಂಗಸರಿದ್ದರು. ತವರಿಗೆ ಬಂದಾಗಲೂ ಅವರು ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು.

ಅವ್ವ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಅಂದಳು: "ಹಗಲೊತ್ತಿನಾಗ ಹೋಗು. ಉಂಡು ಹೋಗು. ಬಂದ ಮಂದಿಗೂ ಉಣಿಸಿ ಕಳಸ್ತೀನಿ."

ಅಪ್ಪ ತಲೆ ಎತ್ತಿ ಅವಳನ್ನು ನೋಡಿದ. ಬೇಡ ಅನ್ನಲಿಲ್ಲ.

ನಾನು ಆಗ ಗೋಗಿಯ ಹತ್ತಿರದ ನಮ್ಮ ಊರಿನಿಂದ ಶಹಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಜೋಳದ ಹೊಲಗಳು ಒಂದೊಂದಾಗಿ ಮಡಿ ಮಡಿಯಾಗಿ ಒಡೆದು ಭತ್ತದ ಗದ್ದೆಗಳಾಗಿದ್ದವು. ನೀರು ಬಂದವರ ಮನೆಗಳಿಗೆ ಸಿಮೆಂಟಿನ ಗಿಲಾವು ಬಂದಿತ್ತು. ನಮಗೆ ಇದ್ದದ್ದು ಕಾಲುವೆಯ ಮೇಲ್ಭಾಗದ ಕೆಂಪು ಮಣ್ಣಿನ ಮಸಾರಿ ಹೊಲ, ಅಲ್ಲಿಗೆ ನೀರು ಏರುತ್ತಿರಲಿಲ್ಲ. ಕುರಿ ಮೇಯುತ್ತಿದ್ದ ಬೀಳುಗಳೆಲ್ಲ ಗದ್ದೆಯಾದ ಮೇಲೆ ಅಪ್ಪನ ಹಿಂಡು ವರ್ಷ ವರ್ಷಕ್ಕೆ ಸಣ್ಣದಾಗುತ್ತ ಬಂದಿತ್ತು.

ಅಕ್ಕನ ಮೊದಲ ಗಂಡ ತೀರಿಕೊಂಡದ್ದು ಆ ಕಾಲುವೆಯಲ್ಲೇ. ವನದುರ್ಗದ ಬಳಿಯ ಹಳ್ಳಿ ಅವನದು. ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಬೇಕು. ಹಳ್ಳದಲ್ಲಿ ತೊಳೆದು ರೂಢಿಯಿದ್ದ ಜನ. ಕಾಲುವೆಯ ಸಿಮೆಂಟಿನ ಇಳಿಜಾರು ಪಾಚಿಗಟ್ಟಿ ಎಷ್ಟು ಜಾರುತ್ತದೆ ಅನ್ನುವುದು ಆಗಿನ್ನೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದು ಮರಿ ಜಾರಿತು. ಅದನ್ನು ಹಿಡಿಯಲು ಬಗ್ಗಿದವನು ತಾನೂ ಜಾರಿದ. ಮರಿ ಮುಂದೆಲ್ಲೋ ದಡ ಹತ್ತಿತಂತೆ. ಅವನು ಸಿಕ್ಕಿದ್ದು ಮಾರನೆಯ ದಿನ, ಕೆಳಗಿನ ಗೇಟಿನ ಹತ್ತಿರ. ಆಗ ಅಕ್ಕನ ಮಗಳು ಇನ್ನೂ ಎದೆಹಾಲು ಕುಡಿಯುತ್ತಿದ್ದಳು.

ಒಂದು ವರ್ಷ ಅಕ್ಕ ಅತ್ತೆಯ ಮನೆಯಲ್ಲೇ ಇದ್ದಳು. ಆ ಅತ್ತೆಗೆ ಇದ್ದದ್ದು ಅವನೊಬ್ಬನೇ ಮಗ. ಇಬ್ಬರೂ ಹೆಂಗಸರು ಒಂದೇ ಸೂರಿನ ಕೆಳಗೆ ಮುಖ ಮುಖ ನೋಡುತ್ತ ಕೂತು, ಬರಬರುತ್ತ ಒಬ್ಬರಿಗೊಬ್ಬರು ಭಾರವಾದರು. ಜಗಳವೇನೂ ಆಗಲಿಲ್ಲ. ಒಂದು ದಿನ ಅತ್ತೆಯೇ, "ನಿಮ್ಮವ್ವನ ಮನಿಗಿ ಹೋಗಿ ನಾಲ್ಕು ದಿನ ಇದ್ದು ಬಾ," ಅಂದಳಂತೆ. ಬಂದ ಅಕ್ಕ ಇಲ್ಲೇ ಉಳಿದಳು. ಮಗಳನ್ನು ಅವ್ವನ ಬಳಿ ಬಿಟ್ಟು ಕಂಡವರ ಗದ್ದೆಗೆ ಸಸಿ ಹಚ್ಚಲು ಹೋಗುತ್ತಿದ್ದಳು.

ಹಗಲೂಟದ ಸುದ್ದಿ ಕೇಳಿ ಮೊದಲು ಬಂದವನು ದೊಡ್ಡಪ್ಪ. ಅಪ್ಪನ ಅಣ್ಣ, ನಮ್ಮ ಮನೆತನದ ಒಳ್ಳೆಯದು ಕೆಟ್ಟದ್ದು ಎಲ್ಲ ಅವನ ಮಾತಿನಂತೆಯೇ ನಡೆಯಬೇಕು. ಬಂದವನು ಕುಳಿತುಕೊಳ್ಳಲಿಲ್ಲ.

"ಉಡಕಿಗಿ ದಾವತ್ ಮಾಡ್ತಾರಂತಲ್ಲ ನಿಮ್ಮನ್ಯಾಗ?" ಅಂದ. "ಯಾವ ಕಾಲದಾಗ ನಡದೈತಿ ಇದು? ಮಂದಿ ನಗಂಗಿಲ್ಲೇನು?"

ಅಪ್ಪ ನೆಲ ನೋಡಿದ. ಅವ್ವನೇ ಬಾಗಿಲಿಗೆ ಬಂದಳು. ದೊಡ್ಡಪ್ಪನ ಎದುರು ಅವಳು ಯಾವತ್ತೂ ತಲೆಯ ಮೇಲಿನ ಸೆರಗು ಸರಿಸಿದವಳಲ್ಲ, ಆವತ್ತೂ ಸರಿಸಲಿಲ್ಲ. "ನಗಲಿ ಬಿಡ್ರಿ ಮಾಮ," ಅಂದಳು. "ಉಂಡು ನಗಲಿ."

"ಏನ್ ಉಣಸ್ತಿ? ಒಂದು ಕುರಿ ಕಡೀಲಾರದ್ದು ಮದುವಿ ಊಟೇನು? ಹಿಂಡಿನಾಗ ಎಷ್ಟು ಉಳದಾವ ಅಂಬೋದು ನನಗ ಗೊತ್ತಿಲ್ಲೇನು?"

"ಕುರಿ ಕಡ್ಯಂಗಿಲ್ರಿ. ನಮ್ಮನ್ಯಾಗ ಏನೈತಿ ಅದನ್ನ ಮಾಡ್ತೀನಿ."

ದೊಡ್ಡಪ್ಪ ಹೋಗುವಾಗ ಅಂಗಳದಲ್ಲಿ ನಿಂತು, "ನನ್ನ ಮನಿ ಮಂದಿ ಯಾರೂ ಬರಂಗಿಲ್ಲ," ಅಂದ. ಓಣಿಗೆಲ್ಲ ಕೇಳಿಸಲಿ ಅಂತಲೇ ಅಂದ ಮಾತು ಅದು.

ಆ ಸಂಜೆ ಅವ್ವ ಮನೆಯಲ್ಲಿ ಏನೇನಿದೆ ಎಂದು ನೋಡಲು ಕೂತಳು. ಗಡಿಗೆಗಳ ಮುಚ್ಚಳ ತೆಗೆದಳು, ಚೀಲಗಳ ಬಾಯಿ ಬಿಚ್ಚಿದಳು. ಹಿಂದಿನ ಸುಗ್ಗಿಯ ಜೋಳ ಬೇಕಾದಷ್ಟಿತ್ತು. ಹೊಲದ ಬದುವಿನಲ್ಲಿ ಪುಂಡಿ ಸೊಪ್ಪು ಇನ್ನೂ ಎಳೆಯದಾಗಿತ್ತು. ಅಪ್ಪನ ಹೊಲದ ಶೇಂಗಾ ಇತ್ತು. ತೊಗರಿ ಬೇಳೆ ಒಂದು ಗಡಿಗೆ. ಹುಗ್ಗಿಗೆ ಗೋಧಿ ಮಾತ್ರ ಕೊಳ್ಳಬೇಕು, ಬೆಲ್ಲ ಕೊಳ್ಳಬೇಕು. ಅನ್ನದ್ದೇ ಚಿಂತೆ. ಕಾಲುವೆ ಬಂದಮೇಲೆ ಅನ್ನ ಇಲ್ಲದ ಊಟವನ್ನು ಜನ ಊಟ ಅನ್ನುತ್ತಿರಲಿಲ್ಲ.

"ಗಿರಣ್ಯಾಗ ನುಚ್ಚಕ್ಕಿ ಸಿಗ್ತಾವು," ಅಂದಳು ಅಕ್ಕ. ಗಿರಣಿಯಲ್ಲಿ ಭತ್ತ ಬಡಿಯುವಾಗ ಮುರಿದ ಅಕ್ಕಿ ಅದು. ಅರ್ಧ ಬೆಲೆಗೂ ಕಡಿಮೆಗೆ ಕೊಡುತ್ತಿದ್ದರು.

"ಮುದ್ದಿ ಆಗ್ತಾವಲ್ಲ. ಸಾರು ಹಾಕಿ ಉಣ್ಣಾಕ ಬರಂಗಿಲ್ಲ."

"ಸಾರು ಯಾಕ ಹಾಕ್ತಿ? ಮೆತ್ತಗ ಕುದಿಸಿ, ಆರಿಸಿ, ಮಜ್ಜಿಗಿ ಕಲಸು. ಮ್ಯಾಲ ಒಗ್ಗರಣಿ ಹಾಕು. ಮುದ್ದಿ ಆದದ್ದು ಯಾರಿಗೆ ಗೊತ್ತಾಗ್ತೈತಿ?"

ಅವ್ವ ನಕ್ಕಳು. ಆ ದಿನಗಳಲ್ಲಿ ಅವಳು ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ. ತನ್ನ ಉಡಕಿಯ ಊಟದ ಅಡುಗೆಯನ್ನು ತಾನೇ ಗೊತ್ತುಮಾಡುತ್ತ ಕೂತಿದ್ದಳು ಅಕ್ಕ. ಅವಳ ಮುಖದಲ್ಲಿ ಸಂಕೋಚವಾಗಲಿ ಸಂಭ್ರಮವಾಗಲಿ ಇರಲಿಲ್ಲ. ಯಾವುದೋ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಬೇಕು ಅನ್ನುವ ಗಾಂಭೀರ್ಯ ಮಾತ್ರ ಇತ್ತು.

ಉಳಿದದ್ದು ರೊಟ್ಟಿ. ಅಷ್ಟು ಜನಕ್ಕೆ ರೊಟ್ಟಿ ಒಂದು ಮನೆಯಲ್ಲಿ ಬಡಿದು ಮುಗಿಯುವಂಥದ್ದಲ್ಲ. ನಮ್ಮ ಕಡೆ ಮದುವೆ ಬಂದರೆ ಮನೆ ಮನೆಗೆ ಹಿಟ್ಟು ಹಂಚುತ್ತಾರೆ. ಪ್ರತಿ ಮನೆಯವರು ತಮ್ಮ ಪಾಲಿನ ರೊಟ್ಟಿ ಬಡಿದು, ಒಣಗಿಸಿ, ಖಡಕ್ ಮಾಡಿ ತಂದುಕೊಡುತ್ತಾರೆ. ಕೆಡುವುದಿಲ್ಲ, ಖರ್ಚಿಲ್ಲ, ಒಬ್ಬರಿಗೇ ಭಾರವೂ ಆಗುವುದಿಲ್ಲ. ಆದರೆ ಉಡಕಿಗೆ ಯಾರೂ ಹೀಗೆ ಹಿಟ್ಟು ಹಂಚಿರಲಿಲ್ಲ. ರೊಟ್ಟಿ ಬಡಿಯುವುದು ಅಂದರೆ ಒಪ್ಪಿದ ಹಾಗೆ.

ಮರುದಿನ ಅವ್ವ ಬುಟ್ಟಿಯಲ್ಲಿ ಹಿಟ್ಟು ತುಂಬಿ ತಲೆಯ ಮೇಲೆ ಹೊತ್ತಳು. ನಾನು ಅಳೆಯುವ ಸೇರು ಹಿಡಿದು ಹಿಂದೆ ನಡೆದೆ. ಮೊದಲ ಮನೆಯವಳು ಬಾಗಿಲಲ್ಲೇ ನಿಂತು, "ಅವ್ವಾ, ಸಿಟ್ಟಾಗಬ್ಯಾಡ. ಮನ್ಯಾಗ ಗಂಡಸರು ಏನಂತಾರೋ," ಅಂದಳು. ಅವ್ವ, "ಕೇಳಿ ನೋಡವ್ವ," ಎಂದು ಅವಳ ಮೊರಕ್ಕೆ ಒಂದು ಸೇರು ಹಿಟ್ಟು ಸುರಿದು ಮುಂದೆ ನಡೆದಳು. ಎರಡನೆಯ ಮನೆಯಲ್ಲಿ ಯಾರೂ ಇಲ್ಲ ಎಂದು ಒಳಗಿನಿಂದಲೇ ಹೇಳಿದರು. ಬಾವಿಯ ಪಕ್ಕದ ಮನೆಯ ಮುದುಕಿ ಮಾತ್ರ ಏನನ್ನೂ ಕೇಳದೆ ಹಿಟ್ಟು ನಾದುವ ಕಟ್ಟಿಗೆಯ ಮರಿಗೆ ತಂದು ಮುಂದಿಟ್ಟಳು. "ಇನ್ನೊಂದು ಸೇರು ಹಾಕು. ನನ್ನ ಸೊಸಿ ರೊಟ್ಟಿ ಚಲೋ ಬಡೀತಾಳ," ಅಂದಳು. ಆ ಮುದುಕಿ ವಯಸ್ಸಿನಲ್ಲಿದ್ದಾಗ ಕತ್ತಲಲ್ಲಿ ಉಡಕಿಯಾಗಿ ನಮ್ಮ ಊರಿಗೆ ಬಂದವಳು. ಅದು ನನಗೆ ಆಮೇಲೆ ಅವ್ವನಿಂದ ಗೊತ್ತಾಯಿತು.

ಓಣಿಯಲ್ಲಿ ಇನ್ನೂ ಕೆಲವರು ತೆಗೆದುಕೊಂಡರೂ ಬುಟ್ಟಿ ಅರ್ಧದಷ್ಟೂ ಖಾಲಿಯಾಗಲಿಲ್ಲ. ಮನೆಗೆ ತಿರುಗಬಹುದೆಂದು ನಾನಂದುಕೊಂಡೆ. ಅವ್ವ ಉಳಿದ ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿದಳು. "ನಡಿ," ಅಂದಳು. "ಶಹಾಪುರದ ಬಸ್ಸು ಬರ್ತೈತಿ."

"ಎಲ್ಲಿಗವ್ವ?"

"ನಿಮ್ಮಕ್ಕನ ಅತ್ತಿ ಮನಿಗಿ."

ಬಸ್ಸಿನಲ್ಲಿ ಅವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಶಹಾಪುರದಲ್ಲಿ ಇಳಿದು ಟೆಂಪೊ ಹಿಡಿದು, ಆಮೇಲೆ ಕಾಲುದಾರಿಯಲ್ಲಿ ನಡೆದೆವು. ಗುಡ್ಡದ ಮೇಲೆ ಕೋಟೆಯ ಗೋಡೆ ಬಿಸಿಲಿಗೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಅಕ್ಕನ ಅತ್ತೆಗೆ ನಾನು ಏನು ಹೇಳಲಿ ಎಂದು ಯೋಚಿಸಿದೆ. ಮಗನನ್ನು ಕಳೆದುಕೊಂಡವಳ ಬಳಿಗೆ, ನಿನ್ನ ಸೊಸೆ ಬೇರೊಬ್ಬನ ಮನೆಗೆ ಹೋಗುತ್ತಿದ್ದಾಳೆ, ಅದರ ಊಟಕ್ಕೆ ರೊಟ್ಟಿ ಬಡಿದು ಕೊಡು ಎಂದು ಹೋಗುವುದು ಸರಿಯೇ ಅನ್ನುವುದು ನನಗೆ ಗೊತ್ತಾಗಲಿಲ್ಲ. ಅವ್ವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಅಕ್ಕನ ಅತ್ತೆ ಮನೆಯ ಮುಂದಿನ ಬೇವಿನ ಮರದ ಕೆಳಗೆ ಉಣ್ಣೆ ಹಿಂಜುತ್ತಿದ್ದಳು. ನಮ್ಮನ್ನು ಕಂಡು ಎದ್ದಳು, ನೀರು ತಂದುಕೊಟ್ಟಳು, ಚಾಪೆ ಹಾಸಿದಳು. "ಕೂಸು ಹ್ಯಾಂಗೈತಿ?" ಎಂದು ಮಾತ್ರ ಕೇಳಿದಳು.

"ಚಲೋ ಐತ್ರಿ. ಈಗ ಎಲ್ಲಾ ಮಾತಾಡ್ತೈತಿ."

"ಅವನೂ ಜಲ್ದಿ ಮಾತು ಕಲ್ತಿದ್ದ."

ಅವ್ವ ಗಂಟನ್ನು ಚಾಪೆಯ ಮೇಲಿಟ್ಟಳು. ಮುಚ್ಚುಮರೆ ಇಲ್ಲದೆ ಹೇಳಿದಳು: "ಬೀಗತಿ, ಹುಡುಗಿದು ಉಡಕಿ ಇಟ್ಟೀವಿ. ಹಗಲೊತ್ತಿನಾಗ. ಮನ್ಯಾಗ ಊಟ ಐತಿ. ಎಲ್ಲಾ ಮನಿಗಿ ರೊಟ್ಟಿ ಹಿಟ್ಟು ಕೊಟ್ಟು ಬಂದೀನಿ. ನಿಮಗ ಕೊಡದ ಮಾಡಿದ್ರ ಅದು ಊಟ ಅಲ್ಲ."

ಅತ್ತೆ ಗಂಟನ್ನು ನೋಡಿದಳು. ಮುಟ್ಟಲಿಲ್ಲ. "ನನಗ ಸುದ್ದಿ ಬಂದಿತ್ತು," ಅಂದಳು. "ನೀವು ಬರ್ತೀರಿ ಅಂತ ಅಂದುಕೊಂಡಿದ್ದಿಲ್ಲ." ಹಿಂಜುತ್ತಿದ್ದ ಉಣ್ಣೆಯನ್ನು ಮತ್ತೆ ಕೈಗೆತ್ತಿಕೊಂಡು, "ಹಿಟ್ಟು ಇಟ್ಟು ಹೋಗ್ರಿ. ನಾ ಬರ್ತೀನಂತ ಮಾತ್ರ ತಿಳೀಬ್ಯಾಡ್ರಿ," ಅಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಅತ್ತಳು. ಸೀಟಿನ ಕಂಬಿಗೆ ಹಣೆ ಹಚ್ಚಿ, ಸದ್ದಿಲ್ಲದೆ ಅತ್ತಳು. ಪಕ್ಕದಲ್ಲಿ ಕೂತ ಹೆಂಗಸು ಆರಾಮಿಲ್ಲವೇನೋ ಎಂದು ವಿಚಾರಿಸಿದಾಗ, "ಹೌದ್ರಿ, ತಲಿ ನೋವು," ಅಂದಳು.

ಊಟದ ಹಿಂದಿನ ದಿನ ಅಪ್ಪ ಹಂದರ ಹಾಕಿದ. ನಾಲ್ಕು ಬಳ್ಳಾರಿ ಜಾಲಿಯ ಕಂಬ, ಮೇಲೆ ಎರಡು ಕಂಬಳಿ. ಇಡೀ ಓಣಿಯಲ್ಲಿ ಉಡಕಿಗೆ ಹಾಕಿದ ಮೊದಲ ಹಂದರ ಅದು. ಹೇಳದೆ ಕೇಳದೆ ತನ್ನಷ್ಟಕ್ಕೆ ಹಾಕಿದ. ನಾವು ಹೆಂಗಸರು ಗೋಧಿಗೆ ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿ ಹೊಟ್ಟು ತೆಗೆದೆವು. ಶೇಂಗಾ ಹುರಿದು, ಕೆಂಪು ಖಾರ, ಬೆಳ್ಳುಳ್ಳಿ, ಉಪ್ಪು ಹಾಕಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದೆವು. ಅಕ್ಕ ಹೊಲಕ್ಕೆ ಹೋಗಿ ಪುಂಡಿ ಸೊಪ್ಪನ್ನು ಉಡಿ ತುಂಬ ಕಿತ್ತು ತಂದಳು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿ ಪತ್ರಾವಳಿ ಮಾಡುವ ಕೆಲಸ ನನ್ನದು. ಎಷ್ಟು ಹಚ್ಚಬೇಕು ಎಂದು ಕೇಳಿದರೆ ಅವ್ವ, "ಎಲ್ಲಾ ಎಲಿ ಮುಗಿಯೋತನಕ," ಅಂದಳು. ಎಷ್ಟು ಜನ ಬರುತ್ತಾರೆ ಅನ್ನುವುದು ಅವಳಿಗೂ ತಿಳಿದಿರಲಿಲ್ಲ.

ಬೆಳಗ್ಗೆ ಒಲೆಗಳನ್ನು ಅಂಗಳಕ್ಕೆ ತಂದೆವು. ಒಂದರ ಮೇಲೆ ಗೋಧಿ ಕುದಿಯತೊಡಗಿತು. ಕುದಿದ ಗೋಧಿಗೆ ಬೆಲ್ಲ, ಒಣಕೊಬ್ಬರಿ, ಗಸಗಸೆ, ಕೊನೆಗೆ ಯಾಲಕ್ಕಿ ಪುಡಿ. ಇನ್ನೊಂದರ ಮೇಲೆ ಬೇಳೆ ಬೆಂದಿತು. ಕಟ್ಟನ್ನು ಬಸಿದು ಸಾರು ಮಾಡಿ, ಉಳಿದ ಬೇಳೆಯನ್ನು ಪುಂಡಿ ಸೊಪ್ಪಿಗೆ, ಜೋಳದ ನುಚ್ಚಿಗೆ ಕೂಡಿಸಿದೆವು. ಎಣ್ಣೆ ಬೇಕಾದದ್ದು ಒಗ್ಗರಣೆಗೆ ಮಾತ್ರ. ನುಚ್ಚಕ್ಕಿಯ ಅನ್ನಕ್ಕೆ ಕಲಸುವ ಮಜ್ಜಿಗೆಯನ್ನು ಎಮ್ಮೆ ಇದ್ದ ಎರಡು ಮನೆಯವರು ಕೊಟ್ಟರು. ಮೆಂತೆ ಸೊಪ್ಪು, ಹಸಿ ಉಳ್ಳಾಗಡ್ಡಿಯನ್ನು ಹೆಚ್ಚದೆ ಹಾಗೇ ಬುಟ್ಟಿಯಲ್ಲಿ ಇಟ್ಟೆವು. ಪುಂಡಿಪಲ್ಯವನ್ನು ಬೇರೆ ಯಾರಿಗೂ ಮುಟ್ಟಲು ಕೊಡದೆ ಅಕ್ಕನೇ ಕಡೆದಳು. "ಮದುಮಗಳು ಒಲಿ ಮುಂದ ಕೂಡ್ತಾಳೇನು?" ಎಂದು ಬಾವಿಯ ಪಕ್ಕದ ಮುದುಕಿ ಗದರಿದಾಗ, "ಇನ್ನ ಇದೊಂದು ಕಡೀತೀನಿ, ಆಯಿ," ಅಂದಳು. ಅವಳ ಕಣ್ಣುಗಳು ಹೊಗೆಗೆ ಕೆಂಪಾಗಿದ್ದವು. ಹೊಗೆಗೇ ಇರಬೇಕು.

ಗಂಡಿನ ಕಡೆಯವರು ಬಿಸಿಲೇರುವ ಹೊತ್ತಿಗೆ ಬಂದರು. ಅವನು, ಅವನ ತಾಯಿ, ನಾಲ್ಕಾರು ಹತ್ತಿರದ ನೆಂಟರು. ಕೆಂಪು ರುಮಾಲು ಸುತ್ತಿದ್ದ ಅವನು ಹಂದರದ ಕೆಳಗೆ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ, ಮಾತು ಕಡಿಮೆ. ಶಾಸ್ತ್ರ ಬೇಗ ಮುಗಿಯಿತು. ಸೀರೆಯನ್ನು ಅವನ ತಾಯಿ ಉಡಿಸಿದಳು. ಮದುವೆಯ ರೀತಿಯಲ್ಲಿ ಬಳೆ ಇಡಿಸಲು ಮುತ್ತೈದೆಯೊಬ್ಬಳು ಮುಂದೆ ಬರಬೇಕಿತ್ತು. ಅಂಗಳದಲ್ಲಿ ಇದ್ದ ನಮ್ಮ ಕಡೆಯ ಮುತ್ತೈದೆ ಅವ್ವ ಒಬ್ಬಳೇ. ಹೆತ್ತ ತಾಯಿಯೇ ಮಗಳ ಕೈಗೆ ಹಸಿರು ಬಳೆ ಏರಿಸಿದಳು. ಏರಿಸುವಾಗ ಒಂದು ಬಳೆ ಒಡೆಯಿತು. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಇನ್ನೊಂದನ್ನು ಏರಿಸಿದಳು.

ಊಟದ ಹೊತ್ತು ಆಯಿತು. ಪತ್ರಾವಳಿಗಳನ್ನು ಹಾಸಿದೆವು. ಗಂಡಿನ ಕಡೆಯವರು ಒಂದು ಸಾಲು ಕೂತರು. ಎದುರಿನ ಸಾಲಿನಲ್ಲಿ ಎಲೆಗಳು ಖಾಲಿ ಬಿದ್ದಿದ್ದವು. ಗಾಳಿಗೆ ಹಾರುತ್ತವೆ ಎಂದು ನಾನು ಒಂದೊಂದರ ಮೇಲೂ ಒಂದೊಂದು ಉಳ್ಳಾಗಡ್ಡಿ ಇಟ್ಟೆ. ಅಪ್ಪ ಬಾಗಿಲ ಬಳಿ ನಿಂತು ಓಣಿಯ ಆ ತುದಿಯನ್ನು ನೋಡುತ್ತಿದ್ದ.

ಮೊದಲು ಬಂದವಳು ಬಾವಿಯ ಪಕ್ಕದ ಮುದುಕಿಯ ಸೊಸೆ. ತಲೆಯ ಮೇಲೆ ರೊಟ್ಟಿಯ ಬುಟ್ಟಿ. ಆಮೇಲೆ, ಗಂಡಸರನ್ನು ಕೇಳಬೇಕು ಅಂದಿದ್ದವಳು ಗಂಡನನ್ನೇ ಕರೆದುಕೊಂಡು ಬಂದಳು. "ಬಡದಿಟ್ಟ ರೊಟ್ಟಿ ತಂದು ಕೊಟ್ಟು ಹಂಗೇ ಹೋಗಾಕ ಬರ್ತೈತೇನು?" ಎಂದು ಅವನು ಅಪ್ಪನನ್ನು ಕೇಳಿದ. ಅಪ್ಪ, "ಕೂಡ್ರಿ, ಕೂಡ್ರಿ," ಅಂದ. ಒಬ್ಬೊಬ್ಬರಾಗಿ ಬಂದರು. ಹಿಟ್ಟು ತೆಗೆದುಕೊಂಡ ಮನೆಯವರೆಲ್ಲ ಬಂದರು. ತೆಗೆದುಕೊಳ್ಳದವರು ಬರಲಿಲ್ಲ. ದೊಡ್ಡಮ್ಮ, ದೊಡ್ಡಪ್ಪನ ಹೆಂಡತಿ, ಹಿತ್ತಲಿನಿಂದ ಬಂದು ಸೆರಗಿನಲ್ಲಿ ತಂದ ರೊಟ್ಟಿಯನ್ನು ಅವ್ವನ ಕೈಗೆ ಕೊಟ್ಟು ಹಾಗೇ ತಿರುಗಿ ಹೋದಳು. ಹಿಟ್ಟು ನಾವು ಅವಳಿಗೆ ಕೊಟ್ಟಿರಲಿಲ್ಲ. ತನ್ನ ಮನೆಯ ಹಿಟ್ಟಿನಿಂದಲೇ ಬಡಿದಿದ್ದಳು.

ನಾನು ಹುಗ್ಗಿ ಬಡಿಸುತ್ತಿದ್ದೆ. ಬಾಗಿಲ ಬಳಿಯ ಮಾತು ತಟ್ಟನೆ ನಿಂತಿತು. ತಿರುಗಿ ನೋಡಿದರೆ ಅಕ್ಕನ ಅತ್ತೆ. ನಡೆದು ಬಂದು ಕಾಲೆಲ್ಲ ಧೂಳು. ಬಗಲಲ್ಲಿ ಅದೇ ಬಟ್ಟೆಯ ಗಂಟು, ಒಳಗೆ ರೊಟ್ಟಿ. ಅಕ್ಕ ಎದ್ದು ನಿಂತಳು. ಹೊಸ ಸೀರೆ, ಹಸಿರು ಬಳೆ. ಅವನ್ನೆಲ್ಲ ಮರೆಮಾಡುವವಳಂತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಅತ್ತೆ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಕೈ ಯಾಕ ಮುಚ್ಚಿಕೋತಿ?" ಅಂದಳು. "ತಗಿ."

ಅಕ್ಕ ಕೈ ಹೊರಗೆ ತೆಗೆದಳು. ಅತ್ತೆ ಆ ಕೈಗೇ ರೊಟ್ಟಿಯ ಗಂಟು ಕೊಟ್ಟು, ಹೆಂಗಸರ ಸಾಲಿನಲ್ಲಿ ಖಾಲಿ ಎಲೆಯ ಮುಂದೆ ಕೂತಳು. ನಾನು ಬಡಿಸಿದೆ. ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಒಂದು ತುತ್ತು ಬಾಯಿಗಿಟ್ಟುಕೊಂಡಳು. "ಇದು ಆಕಿ ಕೈದು," ಎಂದು ಪಕ್ಕದವಳಿಗೆ ಹೇಳಿದಳು. "ನಮ್ಮನ್ಯಾಗೂ ಹಿಂಗೇ ಮಾಡ್ತಿದ್ಲು." ಹುಗ್ಗಿಯನ್ನು ಮಾತ್ರ ಅವಳು ಮುಟ್ಟಲಿಲ್ಲ.

ಎಲ್ಲರಿಗೂ ಗೊತ್ತಿದ್ದ, ಯಾರೂ ಎತ್ತದ ಮಾತು ಒಂದಿತ್ತು. ಉಡಕಿಯಾಗಿ ಹೋಗುವವಳ ಮೊದಲ ಗಂಡನ ಮಕ್ಕಳು ತಂದೆಯ ಮನೆಗೆ ಸೇರಿದವರು. ಕೈ ತೊಳೆದು ಬಂದ ಅತ್ತೆ ಹಂದರದ ಕೆಳಗೆ ಎಲ್ಲರ ಎದುರು ಅದನ್ನೇ ಕೇಳಿದಳು. "ಕೂಸಿನ ಹಕೀಕತ್ ಏನು?"

ಅಕ್ಕನ ಮಗಳು ಅವ್ವನ ಕಾಲಿಗೆ ಅಂಟಿಕೊಂಡು ಬೆಲ್ಲದ ಚೂರು ನೆಕ್ಕುತ್ತಿದ್ದಳು. ಅಕ್ಕ ನೆಲ ನೋಡುತ್ತ ಹೇಳಿದಳು: "ಕೂಸು ನಿಮ್ಮ ಮನೀದೇ, ಅತ್ತಿ. ನೀವು ಒಯ್ತೀನಂದ್ರ ನಾ ಏನ್ ಅನ್ನಲಿ? ಆದ್ರ ಆಕಿನ್ನ ಬಿಟ್ಟು ನಾ ಹೋಗಂಗಿಲ್ಲ. ಈ ಬಳಿ ತಗದಿಟ್ಟು ಇಲ್ಲೇ ಇರ್ತೀನಿ."

ಗಂಡಿನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗಿನಿಂದ ನಾಲ್ಕು ಮಾತೂ ಆಡದಿದ್ದ ಅವನು ಆಗ ಎದ್ದು ಬಂದು ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಆಯಿ," ಅಂದ, "ಕೂಸಿನ ಹೆಸರಿನ ಮುಂದ ಅದರ ಅಪ್ಪನ ಹೆಸರೇ ಇರ್ತೈತಿ. ನಾ ಅದನ್ನ ಅಳಸಂಗಿಲ್ಲ. ಮಳಿಗಾಲದಾಗ ನಿಮ್ಮ ಕಡಿ ಇರ್ಲಿ, ನಾನೇ ತಂದು ಬಿಡ್ತೀನಿ. ಉಳದ ದಿನಾ ತಾಯಿ ಕಡಿ ಇರ್ಲಿ. ಇದಕ್ಕ ನೀವು ಹೂಂ ಅಂದ್ರ ನಾವು ಇವತ್ತು ಹೊಂಡ್ತೀವಿ. ಇಲ್ಲಾಂದ್ರ ನಾ ಒಬ್ಬನೇ ಹೋಗ್ತೀನಿ."

ಅತ್ತೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಏನು ಹುಡುಕುತ್ತಿದ್ದಳೋ. ಆಮೇಲೆ ನನ್ನತ್ತ ತಿರುಗಿ, "ಹುಗ್ಗಿ ಉಳದೈತೇನವ್ವ?" ಎಂದು ಕೇಳಿದಳು. ತಂದುಕೊಟ್ಟೆ. ಬಟ್ಟಲನ್ನು ಕೈಯಲ್ಲಿ ಹಿಡಿದು, ಮೊಮ್ಮಗಳನ್ನು ಕರೆದು, ಮೊದಲ ತುತ್ತು ಅದಕ್ಕೆ ಉಣಿಸಿ, ಎರಡನೆಯದನ್ನು ತಾನು ಉಂಡಳು. ಉಣ್ಣುತ್ತಲೇ ಅವಳ ಅಳು ಒಡೆಯಿತು. ಸತ್ತ ದಿನ ಅಳುವ ಹಾಗೆ, ಮಗನ ಹೆಸರು ಹಿಡಿದು ಹಾಡಿ ಅತ್ತಳು. ಅವ್ವ ಹೋಗಿ ಪಕ್ಕದಲ್ಲಿ ಕೂತಳು. ಅಕ್ಕನೂ ಕೂತಳು. ಮದುವೆಯ ಹಂದರದಲ್ಲಿ ಹಾಗೆ ಅಳಬಾರದು ಎಂದು ಯಾರೂ ಹೇಳಲಿಲ್ಲ. ಗಂಡಸರು ಒಬ್ಬೊಬ್ಬರೇ ಎದ್ದು ಓಣಿಗೆ ಹೋಗಿ ನಿಂತರು.

ಹೊತ್ತು ಇಳಿಯುವ ಮೊದಲೇ ಅವರು ಹೊರಟರು. ಅಕ್ಕ ಮುಂಬಾಗಿಲಿನಿಂದಲೇ ಹೊರಗೆ ಬಂದು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಓಣಿಯ ನಡುವೆ ನಡೆದು ಬಸ್ಸಿನ ನಿಲ್ದಾಣಕ್ಕೆ ಹೋದಳು. ದೊಡ್ಡಪ್ಪನ ಮನೆಯ ಬಾಗಿಲು ಹಾಕಿತ್ತು. ಬೇರೆ ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಕೆಲವರು, "ಹೋಗಿ ಬಾ ಅವ್ವ," ಅಂದರು.

ದೊಡ್ಡಪ್ಪ ಆಮೇಲೆ ಬದುಕಿದ್ದಷ್ಟು ದಿನ ನಮ್ಮ ಮನೆಯಲ್ಲಿ ನೀರು ಕೂಡ ಕುಡಿಯಲಿಲ್ಲ. ಅಪ್ಪನಿಗೆ ಅದು ಒಳಗೇ ಕೊರೆಯುತ್ತಿತ್ತು. ಹಬ್ಬದ ದಿನ ಅಣ್ಣನ ಮನೆಯ ಮುಂದೆ ಹಾದುಹೋಗುವಾಗ ಅವನ ಹೆಜ್ಜೆ ನಿಧಾನವಾಗುವುದನ್ನು ನಾನು ನೋಡಿದ್ದೇನೆ. ಒಳಗಿನಿಂದ ಕರೆಯಂತೂ ಬರಲಿಲ್ಲ. ಅವ್ವ ಪಶ್ಚಾತ್ತಾಪ ಪಡಲಿಲ್ಲ.

ಮರುವರ್ಷ ಮಳೆ ಹಿಡಿಯುತ್ತಲೇ ಅಕ್ಕನ ಹೊಸ ಗಂಡ ತಾನು ಹೇಳಿದಂತೆ ಮಗುವನ್ನು ವನದುರ್ಗದ ಕಡೆಗೆ ಕರೆದೊಯ್ದು ಬಿಟ್ಟುಬಂದ. ಅಕ್ಕ ಆ ತಿಂಗಳುಗಳಲ್ಲಿ ಸರಿಯಾಗಿ ಊಟ ಮಾಡಲಿಲ್ಲವಂತೆ. ಮಗು ಮರಳಿ ಬಂದಾಗ ನಾನು ಸುರಪುರದ ಅವರ ಮನೆಯಲ್ಲೇ ಇದ್ದೆ. ಅದರ ಬಾಯಲ್ಲಿ ಅಜ್ಜಿ ಹೇಳಿಕೊಟ್ಟ ಕಥೆಗಳು ತುಂಬಿದ್ದವು. ತನ್ನ ಅಪ್ಪ ಸಣ್ಣವನಿದ್ದಾಗ ಟಗರಿನ ಬೆನ್ನೇರಿ ಬಿದ್ದದ್ದು, ಕೋಟೆಯ ಗೋಡೆ ಹತ್ತಿ ಇಳಿಯಲಾರದೆ ಕೂತು ಅತ್ತದ್ದು, ಜೇನು ಕೀಳಲು ಹೋಗಿ ಮುಖ ಊದಿಸಿಕೊಂಡು ಬಂದದ್ದು. ಅಕ್ಕನಿಗೂ ಗೊತ್ತಿರದ ಕಥೆಗಳು ಅವು. ಮೊದಲ ಗಂಡ ಬದುಕಿದ್ದಾಗ ಅವನ ಬಾಲ್ಯದ ಮಾತು ಕೇಳುವಷ್ಟು ದಿನ ಅವರಿಗೆ ಸಿಕ್ಕಿರಲಿಲ್ಲ. ಅವಳು ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುತ್ತಿದ್ದ ಅವನು, ಮಗು ಉಸಿರು ತೆಗೆದುಕೊಳ್ಳಲು ನಿಂತಾಗ, ಕೈಯ ಲಾಳಿ ನಿಲ್ಲಿಸಿ ಕೇಳಿದ:

"ಆಮ್ಯಾಲ? ಮುಖ ಊದಿದ ಮ್ಯಾಲ ನಿಮ್ಮಪ್ಪ ಏನ್ ಮಾಡಿದ?"